ದಫ್ತರದೊಳಗಿನ ಚಾಪ್ಲಿನ್

ದೊಡ್ಡವರಾದವರ ಬಡತನದ ಕಥೆ ಕೇಳುವುದರಲ್ಲಿ ನಮಗೊಂದು ವಿಚಿತ್ರವಾದ ಸುಖವಿದೆ. ಹಸಿದದ್ದು, ಚಿಂದಿ ಉಟ್ಟದ್ದು, ಬೀದಿಯ ದೀಪದ ಕೆಳಗೆ ಓದಿದ್ದು ಎಲ್ಲವೂ ಮುಂದಿನ ಕೀರ್ತಿಗಾಗಿ ಕಟ್ಟಿದ ಮುಂಗಡವೋ ಎಂಬಂತೆ ಹೇಳುತ್ತೇವೆ. ಚಾರ್ಲಿ ಚಾಪ್ಲಿನ್ನನ ಬಾಲ್ಯವನ್ನೂ ಹೀಗೆ ಹೇಳಿ ಹೇಳಿ ಸವೆಸಿಬಿಟ್ಟಿದ್ದೇವೆ: ಕುಡುಕ ತಂದೆ, ಬುದ್ಧಿ ಕೆಟ್ಟ ತಾಯಿ, ಹಸಿದ ಹುಡುಗ, ಆಮೇಲೆ ಜಗತ್ತೇ ನಕ್ಕಿತು. ತರಗತಿಯಲ್ಲಿ ಆತ್ಮಕಥೆಗಳನ್ನು ಪಾಠ ಹೇಳುವ ನನಗೆ ಈ ಕಥೆಯಲ್ಲಿ ಬೇರೊಂದು ಕುತೂಹಲ. ಅವನು 1964ರಲ್ಲಿ ಪ್ರಕಟಿಸಿದ ಆತ್ಮಕಥೆಯ ಪಕ್ಕದಲ್ಲಿಟ್ಟು ಓದಬಹುದಾದ ಇನ್ನೊಂದು ಬಗೆಯ ಬರಹ ಉಳಿದುಬಂದಿದೆ. ಅದು ಲಂಡನ್ನಿನ ಬಡವರ ಮನೆಗಳ, ಅಂದರೆ ವರ್ಕ್‌ಹೌಸ್‌ಗಳ, ದಾಖಲೆ ಪುಸ್ತಕ. ಅಲ್ಲಿ ನಗುವಿಲ್ಲ, ಕಣ್ಣೀರೂ ಇಲ್ಲ. ಹೆಸರು, ವಯಸ್ಸು, ಒಳಬಂದ ದಿನ, ಹೊರಹೋದ ದಿನ, ಅಷ್ಟೆ.

ಚಾಪ್ಲಿನ್ ಹುಟ್ಟಿದ್ದು 1889ರ ಏಪ್ರಿಲ್ 16ರಂದು ಎನ್ನುತ್ತಾರೆ. ಜನನದ ಸರಕಾರಿ ದಾಖಲೆ ಮಾತ್ರ ಸಿಕ್ಕಿಲ್ಲ. ತಾಯಿ ಹ್ಯಾನಾ, ಲಿಲಿ ಹಾರ್ಲೆ ಎಂಬ ಹೆಸರಿನಲ್ಲಿ ಹಾಡುತ್ತಿದ್ದ ರಂಗನಟಿ. ತಂದೆ, ಅವನ ಹೆಸರೂ ಚಾರ್ಲ್ಸ್, ಮ್ಯೂಸಿಕ್ ಹಾಲ್‌ಗಳಲ್ಲಿ ಹೆಸರು ಮಾಡಿದ ಗಾಯಕ. 1885ರಲ್ಲಿ ಅವರ ಮದುವೆಯಾಗುವ ಹೊತ್ತಿಗೆ ಹ್ಯಾನಾಳ ಕಂಕುಳಲ್ಲಿ ಸಿಡ್ನಿ ಎಂಬ ಮೂರು ತಿಂಗಳ ಕೂಸಿತ್ತು, ಅದು ಬೇರೊಬ್ಬನದು. ಗಂಡಹೆಂಡಿರು ಬೇರೆಯಾದ ಮೇಲೆ, 1892ರಲ್ಲಿ, ಲಿಯೋ ಡ್ರೈಡನ್ ಎಂಬ ಇನ್ನೊಬ್ಬ ಗಾಯಕನಿಂದ ಆಕೆಗೆ ಮೂರನೆಯ ಮಗ ಹುಟ್ಟಿದ. ಆ ಕೂಸನ್ನು ತಿಂಗಳುಗಳಲ್ಲೇ ಅವನ ತಂದೆ ಕೊಂಡೊಯ್ದ. ಮೂವರು ಮಕ್ಕಳು, ಮೂವರು ತಂದೆಯರು, ಜೊತೆಗೆ ನಿಂತವನು ಒಬ್ಬನೂ ಇಲ್ಲ. ಮುಂದೆ ಹ್ಯಾನಾಳ ಕಂಠವೂ ಕೈಕೊಟ್ಟಿತು. ಆಲ್ಡರ್‌ಷಾಟ್‌ನಲ್ಲಿ ಹಾಡುತ್ತಿದ್ದಾಗ ದನಿ ಒಡೆದು, ಸಿಪಾಯಿಗಳು ಗೇಲಿಮಾಡಿ, ಐದು ವರ್ಷದ ತಾನೇ ರಂಗಕ್ಕೆ ಹೋಗಿ ಹಾಡನ್ನು ಮುಗಿಸಿದೆ ಎಂದು ಚಾಪ್ಲಿನ್ ಬರೆದಿದ್ದಾನೆ. ಇದಕ್ಕೆ ಅವನ ಮಾತೊಂದೇ ಸಾಕ್ಷಿ. ನಾನಂತೂ ಅದನ್ನು ನಂಬಲು ಸಿದ್ಧ.

1896ರ ಮೇ ತಿಂಗಳಲ್ಲಿ ತಾಯಿಮಕ್ಕಳು ಮೂವರೂ ವರ್ಕ್‌ಹೌಸ್ ಸೇರಿದರು. ಇಲ್ಲಿ ಕಾನೂನಿನ ಮಾತನ್ನು ಸ್ವಲ್ಪ ಹೇಳಬೇಕು. 1834ರಲ್ಲಿ ಇಂಗ್ಲೆಂಡಿನ ಬಡವರ ಕಾನೂನನ್ನು ತಿದ್ದಿದವರ ತತ್ತ್ವ ಇದು: ಸರಕಾರದ ಅನ್ನ ತಿನ್ನುವವನ ಸ್ಥಿತಿ, ಹೊರಗೆ ದುಡಿಯುವ ಅತ್ಯಂತ ಬಡ ಕೂಲಿಯವನ ಸ್ಥಿತಿಗಿಂತ ಕೀಳಾಗಿರಬೇಕು, ಇಲ್ಲವಾದರೆ ಎಲ್ಲರೂ ಬಂದು ಕೂರುತ್ತಾರೆ. ಹೀಗಾಗಿ ಬಾಗಿಲು ದಾಟಿದೊಡನೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಮಕ್ಕಳು ಮತ್ತೊಂದು ಕಡೆ. ಅನ್ನಕ್ಕೆ ಕೇಳಿದ ಬೆಲೆ ಸಂಸಾರ. ಕೆಲವೇ ವಾರಗಳಲ್ಲಿ ಹುಡುಗರನ್ನು ಊರಾಚೆ ಹ್ಯಾನ್‌ವೆಲ್‌ನಲ್ಲಿದ್ದ ಬಡಮಕ್ಕಳ ಶಾಲೆಗೆ ಸಾಗಿಸಿದರು. ಆ ವರ್ಷದ ಕೊನೆಯಲ್ಲಿ ಸಿಡ್ನಿಯನ್ನು ನಾವಿಕ ತರಬೇತಿಯ ಹಡಗಿಗೆ ಕಳಿಸಿದ್ದರಿಂದ ಏಳು ವರ್ಷದ ಚಾರ್ಲಿ ಅಲ್ಲಿ ಒಂಟಿಯಾದ. ಹುಳುಕಡ್ಡಿ ಹತ್ತಿ ತಲೆ ಬೋಳಿಸಿಕೊಂಡದ್ದೂ ತನ್ನ ಹೆಸರನ್ನು ಬರೆಯಲು ಕಲಿತದ್ದೂ ಅಲ್ಲಿಯೇ. 1898ರ ಜನವರಿಯವರೆಗೆ ಹುಡುಗ ಅಲ್ಲಿದ್ದ.

ನಮ್ಮ ಕಡೆ ಇಂಥ ಹುಡುಗನಿಗೆ ವಾರಾನ್ನವಾದರೂ ಸಿಗುತ್ತಿತ್ತಲ್ಲ ಎಂದು ಓದುಗರಿಗೆ ಅನ್ನಿಸಬಹುದು. ಸಿಗುತ್ತಿತ್ತೇ? ವಾರಾನ್ನದ ಮನೆಯವರು ಮೊದಲು ಕೇಳುತ್ತಿದ್ದುದು ಜಾತಿ, ಆಮೇಲೆ ತಂದೆಯ ಹೆಸರು. ಹ್ಯಾನಾಳ ಮಕ್ಕಳು ನಮ್ಮ ಅಗ್ರಹಾರದ ಜಗಲಿಯನ್ನು ಹತ್ತಲಾಗುತ್ತಿರಲಿಲ್ಲ.

ಲೆಕ್ಕದ ಮಾತಿಗೆ ಬರೋಣ. ಮಕ್ಕಳಿಬ್ಬರ ಪಾಲನೆಗೆಂದು ತಂದೆ ವಾರಕ್ಕೆ 15 ಷಿಲಿಂಗ್ ತೆರಬೇಕೆಂದು ಆಜ್ಞೆಯಾಗಿತ್ತು. ಅವನು ತೆತ್ತದ್ದಕ್ಕಿಂತ ತಪ್ಪಿಸಿಕೊಂಡದ್ದೇ ಹೆಚ್ಚು. ಇತ್ತ ತಾಯಿ ಮನೆಯಲ್ಲಿ ಕುಳಿತು ಕುಪ್ಪಸ ಹೊಲಿಯುತ್ತಿದ್ದಳು. ಡಜನಿಗೆ ಒಂದೂವರೆ ಷಿಲಿಂಗ್. ಆಕೆ ಒಂದು ವಾರದಲ್ಲಿ ಹೊಲಿದ ಅತಿ ಹೆಚ್ಚಿನ ಸಂಖ್ಯೆ 54 ಎಂದು ಮಗ ನೆನೆಯುತ್ತಾನೆ. ಬಂದದ್ದು 6 ಷಿಲಿಂಗ್ 9 ಪೆನ್ಸ್. ಎರಡು ಲೆಕ್ಕಗಳೂ ಒಂದೇ ವರ್ಷದವಲ್ಲದಿರಬಹುದು. ಆದರೂ ಮಕ್ಕಳನ್ನು ಸಾಕಲು ಇಷ್ಟು ಬೇಕೆಂದು ಕಾನೂನು ಬಲ್ಲದು. ತಾಯಿ ಕಣ್ಣು ಕಳೆದುಕೊಳ್ಳುವಂತೆ ದುಡಿದರೂ ಅದರ ಅರ್ಧವೂ ಹುಟ್ಟದು. ಕೊರತೆಯನ್ನು ಆಕೆಯ ಕೈಗೆ ಕೊಡುವ ಯೋಚನೆ ಮಾತ್ರ ಯಾರಿಗೂ ಬರಲಿಲ್ಲ. ಕಂತು ತುಂಬದ್ದಕ್ಕೆ ಹೊಲಿಗೆಯ ಯಂತ್ರವನ್ನೂ ಒಮ್ಮೆ ಹೊತ್ತುಕೊಂಡು ಹೋದರು. ತಂದೆಯ ಕುಡಿತವನ್ನಾಗಲಿ ತಾಯಿಯ ಬುದ್ಧಿಭ್ರಮಣೆಯನ್ನಾಗಲಿ ದೂರುವ ಮೊದಲು ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ನ್ಯಾಯ.

1898ರ ಬೇಸಗೆಯಲ್ಲಿ ಮತ್ತೆ ಲ್ಯಾಂಬೆತ್ ವರ್ಕ್‌ಹೌಸ್. ಆ ವರ್ಷದ ಆಗಸ್ಟ್ 12ರ ನಮೂದು ಕುತೂಹಲದ್ದು: ಹ್ಯಾನಾ ಮತ್ತು ಮಕ್ಕಳು ಬೆಳಿಗ್ಗೆ ಬಿಡುಗಡೆ ಪಡೆದರು, ಅದೇ ದಿನ ಮರಳಿ ಸೇರಿದರು. ದಫ್ತರದಲ್ಲಿ ಇಷ್ಟೆ. ಏನು ನಡೆಯಿತೆಂಬುದು ಗೊತ್ತಿರುವುದು ಮಗನ ಆತ್ಮಕಥೆಯಿಂದ. ಮಕ್ಕಳನ್ನು ನೋಡದೆ ಇರಲಾರದ ತಾಯಿ ಒಂದು ಉಪಾಯ ಹೂಡಿದಳು. ಬಿಟ್ಟುಹೋಗುತ್ತೇನೆಂದು ಹೇಳಿದರೆ ತಡೆಯುವಂತಿಲ್ಲ, ಮಕ್ಕಳನ್ನೂ ತಂದೊಪ್ಪಿಸಬೇಕು. ಮೂವರೂ ತಮ್ಮ ಹಳೆಯ ಸುಕ್ಕುಬಟ್ಟೆಗಳನ್ನು ತೊಟ್ಟು ಕೆನಿಂಗ್ಟನ್ ಉದ್ಯಾನಕ್ಕೆ ಹೋದರು. ಸಿಡ್ನಿಯ ಕರವಸ್ತ್ರದ ಗಂಟಿನಲ್ಲಿ ಒಂಬತ್ತು ಪೆನ್ಸ್ ಇತ್ತು. ಅರ್ಧ ಪೌಂಡು ಕಪ್ಪು ಚೆರ್ರಿ ಹಣ್ಣು ಕೊಂಡು ಬೆಂಚಿನ ಮೇಲೆ ಕುಳಿತು ತಿಂದರು. ಹಳೆಯ ಪತ್ರಿಕೆಯನ್ನು ಉಂಡೆಮಾಡಿ, ದಾರ ಸುತ್ತಿ, ಚೆಂಡಾಡಿದರು. ಮಧ್ಯಾಹ್ನ ಅಂಗಡಿಯೊಂದರಲ್ಲಿ ಉಳಿದ ದುಡ್ಡಿಗೆ ಬಂದದ್ದನ್ನು ಹಂಚಿಕೊಂಡರು. ಸಂಜೆಯ ಚಹಾದ ಹೊತ್ತಿಗೆ ಸರಿಯಾಗಿ ಹಿಂದಿರುಗಿ ಬಾಗಿಲು ತಟ್ಟಿದರು. ಅಧಿಕಾರಿಗಳು ಸಿಡುಕಿದರಂತೆ: ಕಾಗದಪತ್ರವನ್ನೆಲ್ಲ ಮತ್ತೆ ಬರೆಯಬೇಕು, ಬಟ್ಟೆಗಳನ್ನು ಮತ್ತೆ ಹಬೆಗೆ ಹಾಕಬೇಕು! ಆ ಕಾನೂನನ್ನು ಅದರ ನಿಯಮದಿಂದಲೇ ಇಷ್ಟು ಚೆನ್ನಾಗಿ ಮಣಿಸಿದ ಹೆಂಗಸು ಹುಚ್ಚಿಯೇ? ಆದರೆ ಮರುತಿಂಗಳೇ ಆಕೆಯನ್ನು ಕೇನ್ ಹಿಲ್ ಹುಚ್ಚಾಸ್ಪತ್ರೆಗೆ ಸೇರಿಸಿದರೆಂಬುದೂ ಸುಳ್ಳಲ್ಲ.

ಹುಡುಗರನ್ನು ತಂದೆಯ ಮನೆಗೆ ಒಪ್ಪಿಸಿದರು. ಅಲ್ಲಿ ಅವನೊಡನೆ ಲೂಯಿಸ್ ಎಂಬಾಕೆ ಇದ್ದಳು, ಅವರದೊಂದು ಮಗುವೂ ಇತ್ತು. ಆಕೆಯೂ ಕುಡಿಯುತ್ತಿದ್ದಳು, ಸಿಡ್ನಿಯನ್ನು ಕಂಡರೆ ಆಗದು. ಈ ಸಂಸಾರ ನಡೆದದ್ದು ಕೆಲವೇ ತಿಂಗಳು. ತಂದೆ 1901ರ ಮೇ ತಿಂಗಳಲ್ಲಿ, ನಲವತ್ತು ತುಂಬುವ ಮೊದಲೇ, ಕುಡಿತದಿಂದ ಸತ್ತ.

1903ರ ಮೇ. ಸಿಡ್ನಿ ಹಡಗಿನ ಕೆಲಸದಲ್ಲಿ ದೂರದಲ್ಲಿದ್ದ. ಹದಿನಾಲ್ಕರ ಚಾರ್ಲಿ ಮನೆಗೆ ಬಂದಾಗ ಬಾಗಿಲಲ್ಲಿ ನೆರೆಯ ಮಕ್ಕಳು ತಡೆದು, ನಿಮ್ಮಮ್ಮನಿಗೆ ಹುಚ್ಚು ಹಿಡಿದಿದೆ ಎಂದರು. ಆಕೆ ಮನೆ ಮನೆಗೆ ಹೋಗಿ ಇದ್ದಿಲ ಚೂರುಗಳನ್ನು ಮಕ್ಕಳಿಗೆ ಹುಟ್ಟುಹಬ್ಬದ ಉಡುಗೊರೆಯೆಂದು ಹಂಚಿದ್ದಳು. ಹುಡುಗನೇ ತಾಯಿಯ ಕೈಹಿಡಿದು ಆಸ್ಪತ್ರೆಗೆ ನಡೆಸಿಕೊಂಡು ಹೋದ. ಹೊಟ್ಟೆಗಿಲ್ಲದ್ದೇ ಕಾರಣವೆಂದು ವೈದ್ಯರು ಹೇಳಿದರೆಂದು ಅವನು ಬರೆದಿದ್ದಾನೆ. ಸಿಡ್ನಿ ಊರಿಗೆ ಬಂದ ಮೇಲೆ ಅಣ್ಣತಮ್ಮಂದಿರು ನೋಡಲು ಹೋದಾಗ, ಆ ಮಧ್ಯಾಹ್ನ ನೀನು ಒಂದು ಬಟ್ಟಲು ಚಹಾ ಕೊಟ್ಟಿದ್ದರೆ ನನಗೆ ಏನೂ ಆಗುತ್ತಿರಲಿಲ್ಲ ಎಂಬ ಅರ್ಥದ ಮಾತನ್ನು ತಾಯಿ ಆಡಿದಳಂತೆ. ಎಪ್ಪತ್ತೈದರ ಮುದುಕನಾಗಿ ಅದನ್ನು ಬರೆಯುವಾಗಲೂ ಆ ಬಟ್ಟಲು ಅವನ ಕಣ್ಣಮುಂದಿತ್ತೆಂದು ನನಗನ್ನಿಸುತ್ತದೆ.

1921ರಲ್ಲಿ, ‘ದಿ ಕಿಡ್’ ಚಿತ್ರ ತೆರೆಗೆ ಬಂದ ವರ್ಷವೇ, ಮಕ್ಕಳು ಆಕೆಯನ್ನು ಕ್ಯಾಲಿಫೋರ್ನಿಯಾಕ್ಕೆ ಕರೆಸಿಕೊಂಡರು. ಮನೆ, ದಾದಿ, ಕಾರು, ಯಾವುದಕ್ಕೂ ಕಡಿಮೆಯಿರಲಿಲ್ಲ. ಏಳು ವರ್ಷ ಅಲ್ಲಿ ಬದುಕಿ, 1928ರ ಆಗಸ್ಟಿನಲ್ಲಿ ಹ್ಯಾನಾ ತೀರಿಕೊಂಡಳು.