ಹರದಾರಿಯಿಂದ ಗಂಟೆಯವರೆಗೆ: ನಮ್ಮ ತಾಲ್ಲೂಕಿನ ದೂರದ ಲೆಕ್ಕ

ನಮ್ಮ ಹಿರಿಯರ ದೂರದ ಲೆಕ್ಕ ಮೈ ದಣಿಯುವ ಲೆಕ್ಕವಾಗಿತ್ತು. ಹತ್ತಿರದ ಊರು ಕೂಗಳತೆ. ಆಚೆಯದು ಹರದಾರಿ, ಅಂದರೆ ಸುಮಾರು 3 ಮೈಲಿ. ನಾಲ್ಕು ಹರದಾರಿ ಸೇರಿದರೆ ಒಂದು ಗಾವುದ. ಅದಕ್ಕೂ ಮೀರಿದರೆ ಎಷ್ಟು ಹೊತ್ತಿನ ಬುತ್ತಿ ಕಟ್ಟಬೇಕು ಎಂಬುದೇ ಅಳತೆ.

ಇತಿಹಾಸ ಪಾಠ ಮಾಡುವಾಗ ನಾನು ಮಕ್ಕಳಿಗೆ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ಇದೇ ದೃಷ್ಟಿಯಿಂದ ತೋರಿಸುತ್ತಿದ್ದೆ. ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರದ ಶಾಸನಗಳನ್ನು 1892ರಲ್ಲಿ ಬಿ.ಎಲ್. ರೈಸ್ ಬೆಳಕಿಗೆ ತಂದರು. ರಾಜಾಜ್ಞೆ ಸುವರ್ಣಗಿರಿಯ ಮೂಲಕ ಇಸಿಲದ ಮಹಾಮಾತ್ರರಿಗೆ ಬಂದಿತ್ತು. ಅದರಲ್ಲಿರುವ 256 ಎಂಬ ಸಂಖ್ಯೆ ಪ್ರವಾಸದಲ್ಲಿ ಕಳೆದ ರಾತ್ರಿಗಳದ್ದು ಎಂದು ಹಲವು ವಿದ್ವಾಂಸರು ಅರ್ಥ ಮಾಡಿದ್ದಾರೆ. ಶಾಸನ ಬರೆದ ಚಪಡ ತನ್ನ ವೃತ್ತಿಯ ಹೆಸರನ್ನು ವಾಯುವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಕಾಲ್ನಡಿಗೆ, ಕುದುರೆಗಳ ಆ ಕಾಲದಲ್ಲೂ ಅಷ್ಟು ದೂರದ ಅಕ್ಷರ ನಮ್ಮ ಬಂಡೆಗೆ ಬಂದಿತ್ತು.

1881ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಒಂದು ನಕಾಶೆ ಪ್ರಕಟಿಸಿದರು. ಲಂಡನ್ನಿನಿಂದ ಎಷ್ಟು ದಿನಕ್ಕೆ ಎಲ್ಲಿಗೆ ತಲುಪಬಹುದು ಎಂಬುದನ್ನು ಅದರಲ್ಲಿ ಬಣ್ಣಗಳಿಂದ ತೋರಿಸಿದ್ದರು. ಮೊಳಕಾಲ್ಮೂರನ್ನು ನಡುವಿಟ್ಟು ಅಂಥ ನಕಾಶೆ ಬರೆದರೆ ಏನು ಕಾಣುತ್ತದೆ?

ಬಳ್ಳಾರಿ ಸುಮಾರು 60 ಕಿ.ಮೀ. ಎತ್ತಿನ ಗಾಡಿಗೆ ಅದು ಎರಡು ದಿನದ ದಾರಿ. ಇಂದು ಬೆಳಿಗ್ಗೆ ಹೋಗಿ ಕೆಲಸ ಮುಗಿಸಿ ಮಧ್ಯಾಹ್ನದ ಊಟಕ್ಕೆ ಮರಳಬಹುದು. ರಾಯದುರ್ಗ ಸುಮಾರು ಒಂದು ಗಾವುದ ಮಾತ್ರ. ಆದರೆ 1953ರಲ್ಲಿ ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ರಾಯದುರ್ಗ ಆಂಧ್ರಕ್ಕೆ ಹೋಯಿತು. ನೆಂಟಸ್ತನ, ಸಂತೆ, ವ್ಯಾಪಾರಕ್ಕೆ ಹತ್ತಿರವಿರುವ ಊರು ಕಚೇರಿ, ಪರೀಕ್ಷೆ, ನೌಕರಿಯ ವಿಷಯದಲ್ಲಿ ಪರರಾಜ್ಯವಾಯಿತು. ದೂರವನ್ನು ರಸ್ತೆಯಷ್ಟೇ ಅಲ್ಲ, ಗಡಿಯೂ ಅಳೆಯುತ್ತದೆ.

ವೇಗ ಎಲ್ಲ ಊರುಗಳನ್ನೂ ಒಂದೇ ಸಮ ಹತ್ತಿರ ತರಲಿಲ್ಲ. ಬಳ್ಳಾರಿ–ಹಿರಿಯೂರು ಹೆದ್ದಾರಿಯ ಮೇಲಿರುವ ರಾಂಪುರ, ಹಾನಗಲ್, ಬಿ.ಜಿ. ಕೆರೆಗಳಿಗೆ ಚಳ್ಳಕೆರೆ ಪಕ್ಕದ ಮನೆಯಂತಾಗಿದೆ. ಹೆದ್ದಾರಿಯಿಂದ ಒಳಗಿರುವ ಹಳ್ಳಿಯಲ್ಲಿ ಬೆಳಗಿನ ಬಸ್ಸು ತಪ್ಪಿದರೆ 8 ಕಿ.ಮೀ. ದೂರದ ಶಾಲೆಗೂ ಅರ್ಧ ದಿನ ಹಿಡಿಯುತ್ತದೆ. ದೊಡ್ಡ ಊರು ಹತ್ತಿರವಾದಷ್ಟೂ ಆ ಹಳ್ಳಿ ಹೆಚ್ಚು ಒಂಟಿಯಾಗಿ ಕಾಣುತ್ತದೆ.

ಇದರ ಬೆಲೆ ತೆತ್ತವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಏಳನೇ ತರಗತಿ ಊರಲ್ಲೇ ಮುಗಿಯುತ್ತಿತ್ತು; ಪ್ರೌಢಶಾಲೆ ದೂರವೆಂದು ಓದು ಅಲ್ಲಿಗೇ ನಿಲ್ಲುತ್ತಿತ್ತು. 2006–07ರಲ್ಲಿ ಆರಂಭವಾದ ಸರ್ಕಾರದ ಸೈಕಲ್ ಯೋಜನೆ ಒಂದು ಗಂಟೆಯ ನಡಿಗೆಯನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿತು. 2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿನ ಅಡ್ಡಿಯನ್ನು ತೆಗೆಯಿತು. ಬಸ್ಸೇ ಬಾರದ ಊರಿಗೆ ಮಾತ್ರ ಉಚಿತ ಟಿಕೆಟ್ಟಿನಿಂದ ಪ್ರಯೋಜನವಿಲ್ಲ.

ಆದ್ದರಿಂದ ಈ ಸುವರ್ಣ ಮಹೋತ್ಸವದ ಸಂದರ್ಭದಲ್ಲಿ ನನ್ನದೊಂದು ಕೋರಿಕೆ. ನಮ್ಮ ಶಾಲೆಯನ್ನು ನಡುವಿಟ್ಟು, ಪ್ರತಿ ಮಗು ಮನೆಯಿಂದ ಬರಲು ಹಿಡಿಯುವ ನಿಮಿಷಗಳನ್ನು ಗುರುತಿಸಿ, ಒಂಬತ್ತನೇ ತರಗತಿಯ ಮಕ್ಕಳಿಂದ ಒಂದು ನಕಾಶೆ ಬರೆಸೋಣ. ಅದರ ಒಂದು ಪ್ರತಿ ಶಾಲೆಯ ಗೋಡೆಯ ಮೇಲಿರಲಿ, ಇನ್ನೊಂದು ಬಸ್ ಡಿಪೋ ವ್ಯವಸ್ಥಾಪಕರ ಮೇಜಿಗೆ ಹೋಗಲಿ.