ಗಂಜಿಯ ತಿಳಿ

ಹೊಟ್ಟೆ ಕೆಟ್ಟವನಿಗೆ ಗಂಜಿ ಕಾಯಿಸಿ ಕೊಡುವುದು ಕನ್ನಡನಾಡಿನ ಮನೆಗಳಲ್ಲಿ ವೈದ್ಯನನ್ನು ಕೇಳದೆಯೇ ನಡೆದುಬಂದಿರುವ ಪದ್ಧತಿ. ಕರಾವಳಿಯಲ್ಲಿ ಕುಚ್ಚಲಕ್ಕಿಯ ಗಂಜಿ, ಬಯಲುಸೀಮೆಯಲ್ಲಿ ರಾಗಿಯ ಅಂಬಲಿ. ಎರಡಕ್ಕೂ ಒಂದೆರಡು ಹರಳು ಉಪ್ಪು ಬೀಳುವುದು. ಬಡವರ ಊಟವೆಂದು ಉಳ್ಳವರ ಪಂಕ್ತಿಯಲ್ಲಿ ಸ್ಥಾನ ಪಡೆಯದ ಈ ಪದಾರ್ಥಕ್ಕೆ ವೈದ್ಯಶಾಸ್ತ್ರದಲ್ಲಿ ಮಾತ್ರ ಪುರಾತನವಾದ ಮರ್ಯಾದೆಯುಂಟು.

ಚರಕಸಂಹಿತೆಯ ಸೂತ್ರಸ್ಥಾನದ ಎರಡನೆಯ ಅಧ್ಯಾಯದಲ್ಲಿಯೇ 28 ಬಗೆಯ ಯವಾಗುಗಳು ಹೇಳಲ್ಪಟ್ಟಿವೆ. ಅಗುಳಿಲ್ಲದ ತಿಳಿಯು ಮಂಡ. ಅಗುಳು ಕೂಡಿದುದು ಪೇಯ. ಅಗುಳು ಹೆಚ್ಚಾದುದು ಯವಾಗು. ಬಹಳ ಗಟ್ಟಿಯಾದುದು ವಿಲೇಪಿ. ಶಾರ್ಙ್ಗಧರನ ಲೆಕ್ಕದಂತೆ ಮಂಡಕ್ಕೆ ಅಕ್ಕಿಯ ಹದಿನಾಲ್ಕರಷ್ಟು ನೀರು, ಯವಾಗುವಿಗೆ ಆರರಷ್ಟು, ವಿಲೇಪಿಗೆ ನಾಲ್ಕರಷ್ಟು. ರೋಗಿಯ ಜಠರಾಗ್ನಿಯು ಚೇತರಿಸಿದಂತೆಲ್ಲ ತೆಳುವಿನಿಂದ ಗಟ್ಟಿಗೆ ಏರುವುದು ಕ್ರಮ. ಕನ್ನಡದಲ್ಲಿ ಕ್ರಿ.ಶ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಅಡಿಗೆಯೂ ವೈದ್ಯವೂ ಒಂದೇ ಗ್ರಂಥದೊಳಗೆ ಬಂದಿರುವುದು ಈ ದೃಷ್ಟಿಯಿಂದ ಗಮನಿಸತಕ್ಕದ್ದು.

ಹಾಗೆಂದು ಹಳೆಯ ಆಚಾರವೆಲ್ಲವೂ ಒಳ್ಳೆಯದೇ ಆಗಿತ್ತೆಂದು ಹೇಳುವುದು ಸತ್ಯಕ್ಕೆ ದೂರ. ಭೇದಿಯಾಗುವ ಮಗುವಿಗೆ ನೀರು ಕೊಟ್ಟರೆ ಭೇದಿ ಹೆಚ್ಚುವುದೆಂದು ನಂಬಿ, ಬಾಯಾರಿ ಅಳುವ ಕೂಸಿನ ತುಟಿಯನ್ನು ಮಾತ್ರ ಒದ್ದೆಮಾಡಿ ಸುಮ್ಮನಾದ ಮನೆಗಳೂ ಇದ್ದುವು. ಲಂಘನದ ವಿಧಿಯನ್ನು ಅರ್ಧ ತಿಳಿದವರಿಂದ ಆದ ಹಾನಿ ಸ್ವಲ್ಪವಲ್ಲ.

ಯೂರೋಪಿನ ವೈದ್ಯರೂ ಈ ವಿಷಯದಲ್ಲಿ ಮೇಲಾಗಿರಲಿಲ್ಲ. 1831ರಲ್ಲಿ ಕಾಲರಾ ಇಂಗ್ಲೆಂಡನ್ನು ಮುಟ್ಟಿದಾಗ, ನೀರೆಲ್ಲ ಸೋರಿಹೋದ ರೋಗಿಯ ರಕ್ತವನ್ನು ತೆಗೆದು, ಮೇಲೆ ರಸದ ಔಷಧವನ್ನು ಕೊಟ್ಟು ಮತ್ತಷ್ಟು ಭೇದಿ ಮಾಡಿಸುತ್ತಿದ್ದರು. ಆಗ ಓಶಾನೆಸಿ ಎಂಬ ತರುಣ ವೈದ್ಯನು ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣಗಳೂ ಕಡಿಮೆಯಾಗಿರುವುವೆಂದು ತೋರಿಸಿದನು. ಮರುವರ್ಷ ಲೀತ್ ಪಟ್ಟಣದ ಥಾಮಸ್ ಲಾಟ್ಟಾ ಎಂಬವನು, ನಾಡಿ ನಿಂತಂತಿದ್ದ ಒಬ್ಬ ಮುದುಕಿಯ ರಕ್ತನಾಳಕ್ಕೆ ಉಪ್ಪುನೀರನ್ನು ಹಾಯಿಸಿದನು. ಅರ್ಧ ಗಂಟೆಯಲ್ಲಿ ಆಕೆಗೆ ಪ್ರಾಣ ಮರಳಿದಂತಾಯಿತು. ಆದರೆ ಭೇದಿ ಮತ್ತೆ ತಲೆದೋರಿ, ಎರಡನೆಯ ಸಲ ನೀರು ಹಾಯಿಸುವವರಿಲ್ಲದೆ ಅವಳು ತೀರಿಕೊಂಡಳು. ಲಾಟ್ಟಾನೂ ಮರುವರ್ಷ ಕಾಲವಾದನು. ಆತನ ಉಪಾಯವನ್ನು ಬಹುಮಂದಿ ಮರೆತರು. ಓಶಾನೆಸಿಯು ಬಂಗಾಳಕ್ಕೆ ಬಂದು, ಮುಂದೆ ಭಾರತದಲ್ಲಿ ತಂತಿಯ ಟಪಾಲನ್ನು ಸ್ಥಾಪಿಸಿ ಹೆಸರಾದುದು ಬೇರೆಯ ಕಥೆ.

ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕಲ್ಕತ್ತೆಯಲ್ಲಿ ಲಿಯೊನಾರ್ಡ್ ರೋಜರ್ಸ್ ಎಂಬವರು ಸೂಜಿಯ ಮಾರ್ಗವನ್ನು ಮತ್ತೆ ಊರ್ಜಿತಕ್ಕೆ ತಂದರು. ಆದರೆ ಸೂಜಿ, ಶುದ್ಧ ದ್ರಾವಣ, ಪಳಗಿದ ಕೈ, ಇವು ಮೂರೂ ಹಳ್ಳಿಯಲ್ಲಿ ಒಟ್ಟಿಗೆ ದೊರೆಯುವುವೆ? 1953ರಲ್ಲಿ ಕಲ್ಕತ್ತೆಯವರೇ ಆದ ಹೇಮೇಂದ್ರನಾಥ ಚಟರ್ಜಿಯವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಕುಡಿಸಿಯೇ ರೋಗಿಗಳನ್ನು ಗುಣಪಡಿಸಿದ ವಿವರವನ್ನು ಪ್ರಕಟಿಸಿದರು. ಲೋಕವು ಅದಕ್ಕೆ ಕಿವಿಗೊಡಲಿಲ್ಲ. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿಯು ಕರುಳಿನ ಗೋಡೆಯಲ್ಲಿ ಉಪ್ಪಿನ ಅಂಶವೂ ಸಕ್ಕರೆಯೂ ಜೊತೆಗೂಡಿ ಒಳಹೋಗುವುವೆಂದು ವಿವರಿಸಿದ ಮೇಲೆ ಕಾರಣ ತಿಳಿಯಿತು. ಅವೆರಡರ ಬೆನ್ನಿಗೆ ನೀರು ಹೋಗುವುದು. ಬರಿಯ ನೀರಿಗೆ ಮುಚ್ಚಿದ ಬಾಗಿಲು ಜೋಡಿಗೆ ತೆರೆಯುವುದೆನ್ನಬಹುದು. ಅಕ್ಕಿಯ ಪಿಷ್ಟವು ಹೊಟ್ಟೆಯೊಳಗೆ ಸಕ್ಕರೆಯಾಗಿಯೇ ಒಡೆಯುವುದರಿಂದ, ಉಪ್ಪು ಬಿದ್ದ ಗಂಜಿಯೂ ಇದೇ ಜೋಡಿಯನ್ನು ಕರುಳಿಗೆ ಒದಗಿಸುತ್ತದೆ.

1971ರಲ್ಲಿ ಈ ತತ್ತ್ವಕ್ಕೆ ಕಠಿನವಾದ ಪರೀಕ್ಷೆ ಬಂದಿತು. ಪೂರ್ವ ಬಂಗಾಳದಿಂದ ಓಡಿಬಂದ ಲಕ್ಷಾಂತರ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ಗಡಿಯ ಬನಗಾಂವ್ ಆಸ್ಪತ್ರೆಯಲ್ಲಿ ಆ ರೋಗಕ್ಕಿದ್ದುವು ಎರಡು ಕೊಠಡಿಗಳು, ಹದಿನಾರು ಮಂಚಗಳು. ಉಳಿದವರು ನೆಲದ ಮೇಲೆ, ತಮ್ಮ ಮಲಮೂತ್ರಗಳ ನಡುವೆಯೇ ಬಿದ್ದಿದ್ದರು. ಸೂಜಿಯಿಂದ ಕೊಡುವ ದ್ರಾವಣ ತೀರುತ್ತ ಬಂದಿತು. ದಿಲೀಪ ಮಹಾಲನಬಿಸ್ ಎಂಬ ವೈದ್ಯರು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆಯ ಸೋಡ ಕರಗಿಸಿ ಪೀಪಾಯಿಗಳಲ್ಲಿ ತುಂಬಿಸಿದರು. ಕುಡಿಸುವ ಕೆಲಸವನ್ನು ರೋಗಿಗಳ ತಾಯಂದಿರಿಗೂ ಬಂಧುಗಳಿಗೂ ಒಪ್ಪಿಸಿದರು. ದೊಡ್ಡ ಪಂಡಿತರು ಹಾಗೆ ಒಪ್ಪಿಸಲು ಬಹಳ ಕಾಲ ಅಂಜಿದ್ದ ಕೆಲಸವದು! ಬೇರೆಡೆಗಳಲ್ಲಿ ನೂರಕ್ಕೆ ಮೂವತ್ತರಷ್ಟು ಸಾವು ಸಂಭವಿಸುತ್ತಿದ್ದಾಗ, ಇಲ್ಲಿ ಅದು ನೂರಕ್ಕೆ ನಾಲ್ಕಕ್ಕಿಂತ ಕೆಳಗಿಳಿಯಿತು.

1980ರಿಂದ ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯ ಸ್ತ್ರೀಯರು ಮನೆಮನೆಗೆ ಹೋಗಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂದು ಗೃಹಿಣಿಯರಿಗೆ ಕಲಿಸಿದರು. ಉಪ್ಪು ಹೆಚ್ಚಾದರೆ ಕೂಸಿಗೆ ಅಪಾಯವಾದುದರಿಂದ, ಆಕೆಯೇ ಕಲಸಿ ತೋರಿಸುವವರೆಗೆ ಅವರು ಬಿಡುತ್ತಿರಲಿಲ್ಲ. ಹಳೆಯ ಗಂಜಿಯಲ್ಲಿದ್ದ ಕೊರತೆಯೂ ಇದೇ: ಉಪ್ಪಿಗೆ ಅಳತೆಯಿರಲಿಲ್ಲ.

1982ರಲ್ಲಿ ಢಾಕಾದ ಸಂಶೋಧಕರು ಗ್ಲೂಕೋಸಿನ ಬದಲಿಗೆ ಅಕ್ಕಿಹಿಟ್ಟನ್ನು ಬೇಯಿಸಿ, ಲವಣಗಳನ್ನು ತೂಕಮಾಡಿ ಬೆರೆಸಿ ರೋಗಿಗಳಿಗೆ ಕುಡಿಸಿ ನೋಡಿದರು. ಪಿಷ್ಟವು ಮೆಲ್ಲಮೆಲ್ಲನೆ ಒಡೆಯುವುದರಿಂದ ಕರುಳಿಗೆ ನೀರನ್ನು ಎಳೆದುಕೊಳ್ಳುವುದಿಲ್ಲ. ಕಾಲರಾ ರೋಗಿಗಳಲ್ಲಿ ಇದರಿಂದ ಭೇದಿಯ ಪ್ರಮಾಣವೇ ತಗ್ಗುವುದೆಂದು ಮುಂದಿನ ಪರೀಕ್ಷೆಗಳು ತೋರಿಸಿದುವು. ಮಹಾಲನಬಿಸರು 2022ರಲ್ಲಿ ತೀರಿಕೊಂಡರು. ಪದ್ಮವಿಭೂಷಣ ಪ್ರಶಸ್ತಿಯು ಅವರಿಗೆ ಬಂದುದು 2023ರಲ್ಲಿ.