ಕುಂಚ ಬರೆದ ಮೋಡ

ಹಳೆಯ ಫೋಟೊದಲ್ಲಿ ಮೋಡ ಕಂಡರೆ ಒಮ್ಮೆಗೇ ನಂಬಬೇಡಿ. ಅದು ಕುಂಚದಿಂದ ಬಂದದ್ದಿರಬಹುದು.

ಲಿನಿಯಸ್ ಟ್ರೈಪ್ ಬೆಂಗಳೂರಿನಲ್ಲಿದ್ದ ಮದ್ರಾಸ್ ಸೇನೆಯ ಅಧಿಕಾರಿ. 1854ರ ಡಿಸೆಂಬರಿನಲ್ಲಿ ಬೇಲೂರು, ಹಳೇಬೀಡಿನ ಗುಡಿಗಳ ಫೋಟೊ ತೆಗೆದ. ಫಿಲ್ಮ್ ಇಲ್ಲದ ಕಾಲ ಅದು. ಮೇಣ ಹೀರಿಸಿದ ಕಾಗದಕ್ಕೆ ಬೆಳ್ಳಿಯ ಲವಣ ಸೇರಿಸಿದರೆ ಅದೇ ನೆಗೆಟಿವ್. ಅದನ್ನು ಇನ್ನೊಂದು ಕಾಗದದ ಮೇಲಿಟ್ಟು ಬಿಸಿಲಿಗೆ ಒಡ್ಡಬೇಕು, ಆಗ ಚಿತ್ರ. ನಮ್ಮ ಹಪ್ಪಳದ ಹಾಗೆ, ಬಿಸಿಲಿಲ್ಲದಿದ್ದರೆ ಕೆಲಸವಿಲ್ಲ!

ತೊಂದರೆ ಆಕಾಶದ್ದು. ಆ ಕಾಗದಕ್ಕೆ ನೀಲಿ ಬೆಳಕು ಬಲು ಬೇಗ ತಾಗುತ್ತಿತ್ತು, ಮರದ ಹಸಿರು ನಿಧಾನ. ಕಲ್ಲು, ಮರ ಮೂಡುವಷ್ಟು ಹೊತ್ತು ಕಾದರೆ ಆಕಾಶ ಮೋಡದ ಸಮೇತ ಬಿಳಿಚಿಕೊಳ್ಳುತ್ತಿತ್ತು, ಇಲ್ಲವೇ ಕಲೆಕಲೆ.

1855ರಲ್ಲಿ ಟ್ರೈಪ್ ಬ್ರಿಟಿಷ್ ನಿಯೋಗದ ಜೊತೆ ಬರ್ಮಾಕ್ಕೆ ಹೋದ. ಅಲ್ಲಿ ತೆಗೆದ ಕೆಲವು ನೆಗೆಟಿವ್‌ಗಳ ಆಕಾಶಕ್ಕೆ ಕೈಯಿಂದಲೇ ಬಣ್ಣ ಹಚ್ಚಿದ. ಬಣ್ಣ ಬಿದ್ದಲ್ಲಿ ಬೆಳಕು ತೂರುವುದಿಲ್ಲ. ಪ್ರಿಂಟಿನಲ್ಲಿ ಅಲ್ಲಿ ಬಿಳಿ ಮೋಡ.

ಇದನ್ನು ಮೋಸ ಎನ್ನಲು ನನಗೆ ಮನಸ್ಸಿಲ್ಲ. ಗಿರಿನಗರದ ತಾರಸಿಯಿಂದ ನಾನು ತೆಗೆಯುವ ಸಂಜೆಯ ಆಕಾಶಕ್ಕೂ ಫೋನು ತಾನೇ ಬಣ್ಣ ತುಂಬುತ್ತದೆ. ಆದರೆ ಟ್ರೈಪನದು ಸರ್ಕಾರಿ ದಾಖಲೆ. ಆ ಮೋಡ ನೋಡಿ ಅಂದಿನ ಹವೆಯ ಬಗ್ಗೆ ಬರೆದರೆ ವರದಿ ಕೆಟ್ಟಂತೆ.

ಬರ್ಮಾದ 120 ಚಿತ್ರಗಳ 50 ಸೆಟ್ಟು ಅಚ್ಚಾದದ್ದು ಬೆಂಗಳೂರಿನಲ್ಲಿ. ಕುಂಚದ ಮೋಡಗಳೂ 50 ಸಲ.